ಧರ್ಮಾದಾಯದ ಖಾತೆಯಿಂದ ಸಂಬಳದ ಖಾತೆಗೆ: ವ್ಯಾಪಾರೋದ್ಯಮಗಳಲ್ಲಿ ವಿಕಲಚೇತನರ ಸ್ಥಾನಮಾನ

ಹಳೆಯ ಪೇಢಿಗಳ ಲೆಕ್ಕಪತ್ರಗಳಲ್ಲಿ ಕಿರ್ದಿ, ಖತಾವಣಿಗಳ ಜೊತೆಗೆ ಧರ್ಮಾದಾಯವೆಂಬ ಪ್ರತ್ಯೇಕ ಖಾತೆಯೊಂದು ಇರುತ್ತಿತ್ತು. ಗುಡಿಯ ದೀಪಕ್ಕೆ ಎಣ್ಣೆ, ಜಾತ್ರೆಗೆ ಪಟ್ಟಿ, ಅನ್ನಸಂತರ್ಪಣೆಗೆ ಅಕ್ಕಿ, ಬಾಗಿಲಿಗೆ ಬಂದವರಿಗೆ ಬಿಡಿಕಾಸು, ಇವೆಲ್ಲವೂ ಆ ಖಾತೆಗೆ ಸೇರುತ್ತಿದ್ದವು. ಕಾಲು ಸ್ವಾಧೀನವಿಲ್ಲದವರು, ಕಣ್ಣು ಕಾಣದವರು, ಕಿವಿ ಕೇಳದವರು ವ್ಯಾಪಾರಿಯ ಲೆಕ್ಕದಲ್ಲಿ ಎಲ್ಲಿಯಾದರೂ ಕಾಣಿಸಿಕೊಂಡಿದ್ದರೆ ಅದು ಬಹುಪಾಲು ಈ ಖಾತೆಯಲ್ಲಿಯೇ. ಗಿರಾಕಿಗಳ ಉದ್ರಿ ಪುಟದಲ್ಲಿ, ಕೆಲಸಗಾರರ ಸಂಬಳದ ಪುಟದಲ್ಲಿ, ಮಾಲು ಪೂರೈಸುವವರ ಪುಟದಲ್ಲಿ ಅವರ ಹೆಸರು ಅಪರೂಪ. ಈಗ ಲೆಕ್ಕವು ಕಂಪ್ಯೂಟರಿಗೆ ಏರಿದೆ. ಖಾತೆ ಮಾತ್ರ ಬದಲಾಗಿಲ್ಲ.

ದಾನ ಮಾಡುವುದು ತಪ್ಪೆಂದು ಯಾರೂ ಹೇಳರು. ಆದರೆ ಕಾಸು ಹಾಕುವವನು ಪಡೆಯುವವನ ಮುಖವನ್ನು ನೋಡಬೇಕೆಂದಿಲ್ಲ. ಸರಕು ಮಾರುವವನು ಕೊಳ್ಳುವವನ ಮುಖವನ್ನು ನೋಡಲೇಬೇಕು, ಅವನಿಗೆ ಏನು ಬೇಕೆಂದು ಕೇಳಲೇಬೇಕು, ಚೌಕಾಶಿಗೆ ಉತ್ತರ ಕೊಡಲೇಬೇಕು. ಘನತೆ ಎಂಬ ದೊಡ್ಡ ಶಬ್ದಕ್ಕೆ ಪೇಟೆಯಲ್ಲಿರುವ ಅರ್ಥ ಇಷ್ಟೇ. ಈ ಅರ್ಥವು ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಮತ್ತು ಕಾನೂನಿನಲ್ಲಿ ಹೇಗೆ ಕಾರ್ಯರೂಪಕ್ಕೆ ಬರುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಆ ಗಣತಿ ನಡೆದಾಗ ಜಾರಿಯಲ್ಲಿದ್ದುದು 1995ರ ಕಾಯ್ದೆ. ಅದು ಗುರುತಿಸಿದ್ದು ಏಳು ಬಗೆಯ ವೈಕಲ್ಯಗಳನ್ನು ಮಾತ್ರ. ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಅದಕ್ಕೆ ಅನುಗುಣವಾಗಿ ರೂಪುಗೊಂಡ ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರಲ್ಲಿ ವೈಕಲ್ಯಗಳ ಸಂಖ್ಯೆ 21ಕ್ಕೆ ಏರಿತು. ಆಮ್ಲದಾಳಿಗೆ ತುತ್ತಾದವರು, ಕುಬ್ಜದೇಹಿಗಳು, ಆಟಿಸಂ, ಪಾರ್ಕಿನ್ಸನ್, ಹಿಮೋಫಿಲಿಯಾ, ತಲಸ್ಸೇಮಿಯಾ ಉಳ್ಳವರು ಈ ಪಟ್ಟಿಗೆ ಸೇರಿದರು. ಇವರಲ್ಲಿ ಅನೇಕರ ತೊಂದರೆ ಕಣ್ಣಿಗೆ ಕಾಣುವಂಥದಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಚಿಲ್ಲರೆ ಎಣಿಸಲು ತಡವರಿಸುವ ಹುಡುಗನೂ, ಕೈ ನಡುಗುತ್ತ ಸಹಿ ಹಾಕುವ ಹಿರಿಯರೂ ಈ ಕಾಯ್ದೆಯ ವ್ಯಾಪ್ತಿಗೆ ಬರಬಹುದೆಂಬುದು ಗಮನದಲ್ಲಿರಬೇಕು.

ಕರೆಯುವ ಹೆಸರು

ಬಳ್ಳಾರಿ ಸೀಮೆಗೆ ಹೆಳವರು ಅಪರಿಚಿತರಲ್ಲ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮರೆಮಾಡಿಕೊಂಡು ಊರಿಗೆ ಬರುತ್ತಿದ್ದ ಇವರನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ತನ್ನ ಸಂಪುಟಗಳಲ್ಲಿ ಬಳ್ಳಾರಿ ಮತ್ತು ಮೈಸೂರು ಪ್ರದೇಶಗಳ ಊರುಗಳ ಚರಿತ್ರೆಯನ್ನು ಕಾಪಾಡುವವರೆಂದು ವರ್ಣಿಸಿದ್ದಾನೆ. ಹೆಳವ ಎಂಬ ಶಬ್ದದ ಅರ್ಥ ಕುಂಟ ಎಂದು. ಆದರೆ ಹೆಳವನು ಬಂದಾಗ ಮನೆಯ ಹಿರಿಯರು ಅವನನ್ನು ಕೂರಿಸಿ, ತಮ್ಮ ತಾತ ಮುತ್ತಾತಂದಿರ ಹೆಸರುಗಳನ್ನು ಅವನ ಬಾಯಿಂದ ಕೇಳಿ, ಕಾಳುಕಡಿ ಕೊಟ್ಟು ಕಳಿಸುತ್ತಿದ್ದರು. ಅವನಲ್ಲಿದ್ದ ವಿದ್ಯೆ ಅವರಿಗೆ ಬೇಕಾಗಿತ್ತು. ಕೊರತೆಯನ್ನು ಹೇಳುವ ಶಬ್ದವೇ ವೃತ್ತಿಯ ಹೆಸರಾಗಿ, ಆ ವೃತ್ತಿಗೆ ಮನ್ನಣೆ ದೊರೆತುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಸಿಗಲಾರದು.

ಇಂದಿನ ಪೇಟೆಯಲ್ಲಿ ಕೇಳಿಬರುವ ಕುಂಟ, ಕುರುಡ, ಮೂಗ, ಕಿವುಡ ಎಂಬ ಸಂಬೋಧನೆಗಳ ಹಿಂದೆ ಅಂಥ ಮನ್ನಣೆಯಿಲ್ಲ. ಹೆಸರಿನ ಮುಂದೆ ಇವನ್ನು ಅಂಟಿಸಿ ಕರೆಯುವುದು ಸಲಿಗೆಯೆಂದು ಕರೆಯುವವರು ತಿಳಿದಿರುತ್ತಾರೆ. ಕರೆಸಿಕೊಳ್ಳುವವರು ಹಾಗೆ ತಿಳಿದಿರುವುದು ಅಪೂರ್ವ. ಸರ್ಕಾರದ ಪರಿಭಾಷೆಯಲ್ಲಿ ಅಂಗವಿಕಲ, ವಿಕಲಚೇತನ, ವಿಶೇಷಚೇತನ ಎಂಬ ಶಬ್ದಗಳು ಒಂದರ ನಂತರ ಒಂದು ಬಂದವು. 2015ರಲ್ಲಿ ದಿವ್ಯಾಂಗ ಎಂಬುದೂ ಬಂದಿತು. ಇವುಗಳಲ್ಲಿ ಯಾವುದು ಉತ್ತಮವೆಂಬ ಚರ್ಚೆ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ. ಹೊಸ ಶಬ್ದವನ್ನು ಹಳೆಯ ಧ್ವನಿಯಲ್ಲಿಯೇ ನುಡಿದರೆ ಕೆಲವು ವರ್ಷಗಳಲ್ಲಿ ಅದೂ ಬೈಗುಳವಾಗುತ್ತದೆ. ಅಂಗಡಿಯ ಮಟ್ಟಿಗೆ ಉಪಾಯ ಸರಳವಾಗಿದೆ: ಹೆಸರು ಗೊತ್ತಿದ್ದರೆ ಹೆಸರು, ಇಲ್ಲವಾದರೆ ಬೇರೆಲ್ಲ ಗಿರಾಕಿಗಳಿಗೆ ಅನ್ನುವಂತೆ ಅಣ್ಣ, ಅಕ್ಕ, ಯಜಮಾನರೇ.

ಇದು ಕೇವಲ ಸೌಜನ್ಯದ ಮಾತಾಗಿ ಉಳಿದಿಲ್ಲ. 2016ರ ಕಾಯ್ದೆಯ 92ನೆಯ ಕಲಮಿನ ಪ್ರಕಾರ, ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ವಿಕಲಚೇತನ ವ್ಯಕ್ತಿಯನ್ನು ಅವಮಾನಗೊಳಿಸುವ ಉದ್ದೇಶದಿಂದ ಬೇಕೆಂದೇ ಹೀಯಾಳಿಸಿದರೆ ಅಥವಾ ಬೆದರಿಸಿದರೆ, ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷಗಳವರೆಗೂ ವಿಸ್ತರಿಸಬಹುದಾದ ಸೆರೆವಾಸ ಮತ್ತು ದಂಡ ವಿಧಿಸಬಹುದು. ಅಂಗಡಿಯ ಮುಂಗಟ್ಟೆಯೂ, ಎ.ಪಿ.ಎಂ.ಸಿ. ಹರಾಜಿನ ಕಟ್ಟೆಯೂ, ಲಾರಿಗಳು ಸಾಲುಗಟ್ಟುವ ತೂಕದ ಸೇತುವೆಯೂ ಅಂಥ ಸ್ಥಳಗಳೇ. ಗುಮಾಸ್ತರಿಗೆ, ಹಮಾಲರ ಮೇಸ್ತ್ರಿಗೆ ಈ ವಿಷಯವನ್ನು ಮಾಲೀಕರೇ ಒಮ್ಮೆ ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ಕಟ್ಟೆಯ ಕೆಳಗಿನ ಗಿರಾಕಿ

ಚರಂಡಿಯ ಮೇಲೆ ಚಪ್ಪಡಿ ಹಾಸಿ, ಅದರ ಮೇಲೆ ಎರಡು ಮೂರು ಮೆಟ್ಟಿಲು ಏರಿಸಿ ಅಂಗಡಿ ಕಟ್ಟುವುದು ಈ ಸೀಮೆಯ ಪೇಟೆಗಳ ವಾಡಿಕೆ. ಮಳೆಯ ನೀರು, ಹೆದ್ದಾರಿಯ ಧೂಳು ಒಳಗೆ ಬರಬಾರದೆಂಬುದು ಅದರ ಕಾರಣ, ಕಾರಣ ನ್ಯಾಯವಾದುದೇ. ಕುಡತಿನಿಯಂಥ ಹೆದ್ದಾರಿಯ ಊರಿನಲ್ಲಿ ಮೂರುಗಾಲಿಯ ವಾಹನದಲ್ಲಿ ಬಂದ ಗಿರಾಕಿಯೊಬ್ಬರು ಅಂಥ ಮೆಟ್ಟಿಲುಗಳ ಕೆಳಗೆ, ಲಾರಿಗಳು ಹಾಯ್ದುಹೋಗುವ ಅಂಚಿನಲ್ಲಿ ನಿಂತು ಕೂಗಿ ಕರೆಯುವ ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಒಳಗಿನಿಂದ ಹುಡುಗನೊಬ್ಬ ಬಂದು ಬೇಕಾದುದನ್ನು ತಂದುಕೊಡುತ್ತಾನೆ. ವ್ಯಾಪಾರವೇನೋ ಆಯಿತು. ಆದರೆ ಅವರು ಸೀರೆಯ ಬಣ್ಣವನ್ನು ನಾಲ್ಕರಲ್ಲಿ ಆರಿಸಲಿಲ್ಲ, ಬೇಳೆಯನ್ನು ಕೈಯಲ್ಲಿ ಹಿಡಿದು ನೋಡಲಿಲ್ಲ, ದರವನ್ನು ಪಕ್ಕದ ಡಬ್ಬಿಯೊಡನೆ ಹೋಲಿಸಲಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡು ಹೋದರು. ಕೊಳ್ಳುವವನ ಸ್ವಾತಂತ್ರ್ಯವಿರುವುದು ಆರಿಸುವುದರಲ್ಲಿ. ಅದು ಮೆಟ್ಟಿಲಿನ ಕೆಳಗೇ ಉಳಿಯಿತು.

ಇಳಿಜಾರು ಕಟ್ಟುವುದೆಂದರೆ ಲೆಕ್ಕ ತಿಳಿದಿರಬೇಕು. ಗಾಲಿಕುರ್ಚಿ ಸುರಕ್ಷಿತವಾಗಿ ಏರಲು ಒಂದಕ್ಕೆ ಹನ್ನೆರಡರ ಪ್ರಮಾಣ ಅಗತ್ಯ. ಎಂದರೆ ಅರ್ಧ ಅಡಿಯ ಮೆಟ್ಟಿಲಿಗೆ ಆರು ಅಡಿ, ಒಂದು ಅಡಿಯ ಕಟ್ಟೆಗೆ ಹನ್ನೆರಡು ಅಡಿ ಉದ್ದ ಬೇಕು. ಬೈಕು ಏರಿಸಲು ಹಾಕುವ ಕಡಿದಾದ ಸಿಮೆಂಟು ಇಳಿಜಾರು ಈ ಕೆಲಸಕ್ಕೆ ಬಾರದು. ಅದರಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುವ ಭಯವಿದೆ. ಹನ್ನೆರಡು ಅಡಿ ಜಾಗ ಎಷ್ಟು ಅಂಗಡಿಗಳಿಗಿದೆ ಎಂಬ ಪ್ರಶ್ನೆ ಸಹಜ. ಸಾಲಿನ ನಾಲ್ಕಾರು ಅಂಗಡಿಗಳ ಮುಂಗಟ್ಟೆ ಒಂದೇ ಮಟ್ಟದಲ್ಲಿದ್ದರೆ ಎಲ್ಲರಿಗೂ ಸೇರಿ ಸಾಲಿನ ಕೊನೆಯಲ್ಲಿ ಒಂದೇ ಇಳಿಜಾರು ಸಾಕಾಗುತ್ತದೆ. ಅದೂ ಆಗದಿದ್ದರೆ, ಕೈಗೆಟುಕುವ ಎತ್ತರದಲ್ಲಿ ಒಂದು ಕರೆಗಂಟೆ. ಗಂಟೆ ಕೇಳಿದಾಗ ಹುಡುಗನ ಬದಲು ವ್ಯಾಪಾರ ಬಲ್ಲವರು, ಒಂದರ ಬದಲು ನಾಲ್ಕು ನಮೂನೆ ಹಿಡಿದು ಹೊರಬರುವುದು. ಇದು ಇಳಿಜಾರಿಗೆ ಸಮನಲ್ಲ, ಆದರೆ ಕೂಗಿ ಕರೆಯುವುದಕ್ಕಿಂತ ಎಷ್ಟೋ ಮೇಲು. ಹೊಸದಾಗಿ ಕಟ್ಟುವವರಿಗಂತೂ ಆಯ್ಕೆಯಿಲ್ಲ. ಪ್ರವೇಶಾನುಕೂಲತೆಯ ನಿಯಮಗಳನ್ನು ಪಾಲಿಸದ ಕಟ್ಟಡದ ನಕ್ಷೆಗೆ ಅನುಮತಿ ನೀಡಬಾರದೆಂದು ಕಾಯ್ದೆಯ 44ನೆಯ ಕಲಮು ಹೇಳುತ್ತದೆ. ಇಂಥ ನಿಯಮಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕನಿಷ್ಠ ಮಟ್ಟವೊಂದು ಕಡ್ಡಾಯವಾಗಿರಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ.

ಕಲ್ಲಿನ ಮೆಟ್ಟಿಲಿಗಿಂತ ಮಾತಿನ ಮೆಟ್ಟಿಲು ಎತ್ತರವಾಗಿರುವುದೂ ಉಂಟು. ಕಣ್ಣು ಕಾಣದ ಗಿರಾಕಿ ತಮ್ಮನೊಡನೆ ಬಂದರೆ "ಇವರಿಗೆ ಏನು ಬೇಕಂತೆ?" ಎಂದು ತಮ್ಮನನ್ನು ಕೇಳುವುದು ಅತಿ ಸಾಮಾನ್ಯವಾದ ತಪ್ಪು. ಕೊಳ್ಳುವವರು ಇವರು, ಹಣವೂ ಇವರದು. ಪ್ರಶ್ನೆ ಮಾತ್ರ ಇನ್ನೊಬ್ಬರಿಗೆ. ಕೇಳದೆಯೇ ತೋಳು ಹಿಡಿದು ಎಳೆದುಕೊಂಡು ಹೋಗುವುದು, ಗಾಲಿಕುರ್ಚಿಯನ್ನು ಹಿಂದಿನಿಂದ ತಳ್ಳುವುದು, ಊರುಗೋಲನ್ನು ಎತ್ತಿ ಮೂಲೆಗಿಡುವುದು ಇವೆಲ್ಲ ಸಹಾಯದ ಹೆಸರಿನಲ್ಲಿ ನಡೆಯುವ ಅನುಚಿತಗಳು. "ಸಹಾಯ ಬೇಕೇ?" ಎಂದು ಕೇಳಿ, ಬೇಡವೆಂದರೆ ಸುಮ್ಮನಿರುವುದು ಸರಿಯಾದ ಕ್ರಮ.

ಹಣದ ವಿಷಯದಲ್ಲಿ ವ್ಯಾಪಾರಿಗಳು ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ಮಹಾತ್ಮ ಗಾಂಧಿ ಹೊಸ ಸರಣಿಯ 100 ರೂ. ನೋಟಿನ ಅಂಚುಗಳಲ್ಲಿ ನಾಲ್ಕು, 500 ರೂ. ನೋಟಿನಲ್ಲಿ ಐದು ಉಬ್ಬುಗೆರೆಗಳಿವೆ, 200 ರೂ. ನೋಟಿನಲ್ಲಿ ನಾಲ್ಕು ಗೆರೆಗಳ ನಡುವೆ ಎರಡು ವೃತ್ತಗಳಿವೆ. ಕಣ್ಣು ಕಾಣದವರು ಬೆರಳಿನಿಂದ ಇವನ್ನು ಗುರುತಿಸುತ್ತಾರೆ. ನೋಟು ಹಳತಾದಂತೆ ಗೆರೆ ಸವೆಯುತ್ತದೆ. 10, 20, 50ರ ನೋಟುಗಳಲ್ಲಿ ಆ ಅನುಕೂಲವೇ ಇಲ್ಲ. ಆದುದರಿಂದ ಚಿಲ್ಲರೆಯನ್ನು ಒಟ್ಟಿಗೆ ಮಡಿಚಿ ಕೈಗೆ ತುರುಕದೆ, ಒಂದೊಂದು ನೋಟಿನ ಬೆಲೆಯನ್ನೂ ಹೇಳುತ್ತ ಎಣಿಸಿ ಕೊಡಬೇಕು. ನೋಟನ್ನು ಗುರುತಿಸಿ ಹೇಳುವ ಮಣಿ ಎಂಬ ಮೊಬೈಲ್ ಆ್ಯಪನ್ನು ಭಾರತೀಯ ರಿಸರ್ವ್ ಬ್ಯಾಂಕು 2020ರ ಜನವರಿ 1ರಂದು ಬಿಡುಗಡೆ ಮಾಡಿದೆ. ಅದನ್ನು ಬಳಸಿ ಗಿರಾಕಿ ನೋಟು ಪರೀಕ್ಷಿಸಿದರೆ ಅಪನಂಬಿಕೆಯೆಂದು ಮುನಿಯಬೇಕಾಗಿಲ್ಲ. ಕಣ್ಣಿದ್ದವರೂ 500ರ ನೋಟನ್ನು ಬೆಳಕಿಗೆ ಹಿಡಿಯುತ್ತಾರೆ.

ಗಿರಾಕಿಯನ್ನು ವೈಕಲ್ಯದ ಕಾರಣಕ್ಕೆ ಹೊರಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜೀಜಾ ಘೋಷ್ ಪ್ರಕರಣ ಉತ್ತಮ ಪಾಠ. ಸೆರೆಬ್ರಲ್ ಪಾಲ್ಸಿ ಉಳ್ಳ ಅವರನ್ನು 2012ರ ಫೆಬ್ರವರಿಯಲ್ಲಿ ಕೋಲ್ಕತ್ತದಲ್ಲಿ ಖಾಸಗಿ ವಿಮಾನದಿಂದ ಕೆಳಗಿಳಿಸಲಾಯಿತು. ಅವರು ಗೋವಾದ ಸಮ್ಮೇಳನಕ್ಕೆ ಹೊರಟಿದ್ದರು; ಕೈಯಲ್ಲಿ ಟಿಕೇಟು ಇತ್ತು. ಸರ್ವೋಚ್ಚ ನ್ಯಾಯಾಲಯವು 2016ರ ಮೇ 12ರಂದು ವಿಮಾನ ಸಂಸ್ಥೆಯು 10 ಲಕ್ಷ ರೂ. ಪರಿಹಾರ ಕೊಡಬೇಕೆಂದು ಆದೇಶಿಸಿತು. ದುಡ್ಡು ಕೊಟ್ಟು ಸೇವೆ ಕೊಂಡವರ ಘನತೆಯನ್ನು ಕಾಯುವುದು ಮಾರಿದವರ ಹೊಣೆ ಎಂಬ ಅಂಶವು ವಿಮಾನಕ್ಕೆ ಹೇಗೋ ಹಾಗೆ ಟಂಟಂ ಗಾಡಿಗೂ, ಖಾನಾವಳಿಗೂ ಅನ್ವಯಿಸುತ್ತದೆ.

ದುಡಿಮೆಗೆ ಬೆಲೆ

ವಿಕಲಚೇತನರು ದುಡಿದು ಸಂಸ್ಥೆ ಕಟ್ಟಬಲ್ಲರೇ ಎಂಬ ಸಂಶಯವುಳ್ಳವರು ಪಕ್ಕದ ಗದಗಿನತ್ತ ನೋಡಬಹುದು. ಅಲ್ಲಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದ ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಣ್ಣು ಕಾಣದವರು. ಆಶ್ರಮದ ಸಂಗೀತ ಪರಂಪರೆಯನ್ನು ಎಲ್ಲರೂ ಬಲ್ಲರು. ವ್ಯಾಪಾರಿಗಳು ಗಮನಿಸಬೇಕಾದುದು ಅದರ ಲೆಕ್ಕವನ್ನು. ಅಂಧ ಹಾಗೂ ಅನಾಥ ಮಕ್ಕಳ ಊಟ, ವಿದ್ಯೆಗಳಿಗೆ ಭಕ್ತರ ಕಾಣಿಕೆಯನ್ನಷ್ಟೇ ನಂಬಿ ಕೂರದೆ ಪುಟ್ಟರಾಜರು ನಾಟಕ ಕಂಪನಿ ಕಟ್ಟಿದರು, ತಾವೇ ನಾಟಕಗಳನ್ನು ರಚಿಸಿದರು, ಊರೂರು ತಿರುಗಿ ಟಿಕೇಟು ಮಾರಿ ಆ ಹಣದಿಂದ ಆಶ್ರಮವನ್ನು ನಡೆಸಿದರು. ಕಂಪನಿ ನಾಟಕದ ಬಂಡವಾಳ, ಬಾಡಿಗೆ, ನಟರ ಸಂಬಳ, ಮಳೆಗಾಲದ ನಷ್ಟ ಇವುಗಳ ಕಷ್ಟ ಬಲ್ಲವರಿಗೆ ಇದು ಎಂಥ ಉದ್ಯಮವೆಂದು ಬೇರೆ ಹೇಳಬೇಕಾಗಿಲ್ಲ. 2010ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು; ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು.

ಎಲ್ಲರೂ ಗವಾಯಿಗಳಾಗಬೇಕೆಂದು ನಿರೀಕ್ಷಿಸುವುದೂ ಅನ್ಯಾಯವೇ. ಕಾಲು ಗಟ್ಟಿಯಿರುವ ಸಾಮಾನ್ಯ ಕೆಲಸಗಾರನಿಂದ ಯಾರೂ ಅದ್ಭುತವನ್ನು ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಬಂದು ಕೆಲಸ ಮಾಡಿದರೆ ಸಾಕೆನ್ನುತ್ತಾರೆ. ಅದೇ ಅಳತೆ ಇಲ್ಲಿಯೂ ಸಾಕು.

ಬಳ್ಳಾರಿಯ ಜೀನ್ಸ್ ಘಟಕಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದು ಪ್ಯಾಂಟು ಸಿದ್ಧವಾಗುವುದರೊಳಗೆ ಕಟಿಂಗ್, ಹೊಲಿಗೆ, ಓವರ್‌ಲಾಕ್, ಕಾಜಾ, ಗುಂಡಿ, ವಾಷಿಂಗ್, ದಾರ ಕತ್ತರಿಸುವುದು, ಚೆಕ್ಕಿಂಗ್, ಇಸ್ತ್ರಿ, ಪ್ಯಾಕಿಂಗ್ ಎಂದು ಹತ್ತಾರು ಕೈಗಳನ್ನು ಅದು ಹಾಯುತ್ತದೆ. ಇವುಗಳಲ್ಲಿ ಕುಳಿತು ಮಾಡುವವೇ ಹೆಚ್ಚು. ಒಂದು ಕಾಲಿನಲ್ಲಿ ಶಕ್ತಿಯಿಲ್ಲದವರಿಗೆ ಹೊಲಿಗೆ ಯಂತ್ರದ ಪೆಡಲನ್ನು ಇನ್ನೊಂದು ಕಾಲಿನ ಕಡೆಗೆ ಸರಿಸಿಕೊಡುವುದು ಮೆಕ್ಯಾನಿಕ್‌ನ ಸಣ್ಣ ಕೆಲಸ. ಕಾನೂನು ಇದನ್ನೇ ಸಮಂಜಸ ಹೊಂದಾಣಿಕೆ ಎನ್ನುತ್ತದೆ: ಉದ್ದಿಮೆಯ ಮೇಲೆ ಅತಿಯಾದ ಭಾರ ಬೀಳದಂತೆ, ಆ ವ್ಯಕ್ತಿಗೆ ತಕ್ಕ ಸೂಕ್ತ ಬದಲಾವಣೆಯನ್ನು ಮಾಡಿಕೊಡುವುದು.

ಶ್ರವಣದೋಷವುಳ್ಳ ಮಕ್ಕಳಿಗಾಗಿ ರಾಜ್ಯ ಸರ್ಕಾರ ನಡೆಸುವ ಶಾಲೆಗಳಲ್ಲೊಂದು ಬಳ್ಳಾರಿಯಲ್ಲಿಯೇ ಇದೆ. ಅಲ್ಲಿ ಕಲಿತ ಮಕ್ಕಳು ಮುಂದೆ ಎಲ್ಲಿ ದುಡಿಯಬೇಕೆಂಬ ಪ್ರಶ್ನೆಗೆ ಊರಿನ ಉದ್ದಿಮೆಗಳೇ ಉತ್ತರ ಕೊಡಬೇಕು. ನೂರು ಯಂತ್ರಗಳ ಗದ್ದಲದಲ್ಲಿ ಕಿವಿ ಕೇಳುವವರಿಗೂ ಮಾತು ಕೇಳಿಸದು. ಎಲ್ಲರೂ ಸನ್ನೆಯಲ್ಲಿಯೇ ವ್ಯವಹರಿಸುತ್ತಾರೆ. ಮಾಲೀಕರ ಅಂಜಿಕೆ ಬೆಂಕಿಯ ಸೈರನ್ ಬಗ್ಗೆ. ಸೈರನ್ನಿನ ಜೊತೆಗೆ ಮಿನುಗುವ ಕೆಂಪುದೀಪವೊಂದನ್ನು ಕೂಡಿಸಿದರೆ, ಹತ್ತಿರ ಕೂರುವ ಸಹೋದ್ಯೋಗಿಗೆ ಭುಜ ತಟ್ಟಿ ಹೊರಗೆ ಕರೆದೊಯ್ಯುವ ಹೊಣೆ ಕೊಟ್ಟರೆ ಆ ಅಂಜಿಕೆಗೆ ಪರಿಹಾರವಾಯಿತು. ದೆಹಲಿಯ ಭಾರತೀಯ ಸನ್ನೆಭಾಷೆಯ ಸಂಶೋಧನಾ ಮತ್ತು ತರಬೇತಿ ಕೇಂದ್ರವು 2021ರ ವೇಳೆಗೆ 10,000 ಶಬ್ದಗಳ ಸನ್ನೆಕೋಶವನ್ನು ಸಿದ್ಧಪಡಿಸಿದೆ. ಘಟಕದ ಮೇಲ್ವಿಚಾರಕರು ಅದರಿಂದ ಐವತ್ತು ಸನ್ನೆ ಕಲಿತರೂ ದಿನದ ಕೆಲಸ ಸಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿಕಲಚೇತನರೆಂದ ಕೂಡಲೇ ದಾರ ಕತ್ತರಿಸುವ ಮೂಲೆಗೆ ಕೂರಿಸುವ ರೂಢಿಯಿದೆ. ಅದು ಅತಿ ಕಡಿಮೆ ದರದ ಕೆಲಸ. ಕಟಿಂಗ್ ಬಲ್ಲವರನ್ನು ಅಲ್ಲಿ ಕೂರಿಸಿ ಉಪಕಾರ ಮಾಡಿದೆನೆಂದು ತಿಳಿದರೆ ಹಳೆಯ ಧರ್ಮಾದಾಯದ ಬುದ್ಧಿಯೇ ಹೊಸ ವೇಷದಲ್ಲಿ ಬಂದಂತೆ. ಕೆಲಸ ಕೊಟ್ಟು ಪರೀಕ್ಷಿಸಿ, ಬಂದ ಕೈಗೆ ತಕ್ಕ ಸ್ಥಾನ ಕೊಡಬೇಕು. ಪೀಸಿನ ಲೆಕ್ಕದಲ್ಲಿ ದರ ಎಲ್ಲರಿಗೂ ಒಂದೇ. ದಿನಗೂಲಿಯಾದರೆ ವೈಕಲ್ಯವನ್ನು ಕಾರಣಮಾಡಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಲು ಮಾಲೀಕರಿಗೆ ಅಧಿಕಾರವಿಲ್ಲ. ಶೌಚಾಲಯದ ಬಾಗಿಲು ಅಗಲವಾಗಿದೆಯೇ, ಒಳಗೆ ಹಿಡಿಕೆಯಿದೆಯೇ ಎಂಬುದನ್ನು ಕೆಲಸಕ್ಕೆ ಕರೆಯುವ ಮೊದಲೇ ನೋಡಬೇಕು. ಅನೇಕ ಹೆಣ್ಣುಮಕ್ಕಳು ಕೆಲಸ ಬಿಡುವುದು ಹೊಲಿಗೆಯ ಕಷ್ಟಕ್ಕಲ್ಲ, ಈ ಕಷ್ಟಕ್ಕೆ.

ನಮ್ಮವರಾಗಿಯೇ ವಿಕಲರಾದವರು

ವಿಕಲಚೇತನರು ಎಲ್ಲಿಂದಲೋ ಬಂದು ಕೆಲಸ ಕೇಳುವವರು ಎಂಬ ಭಾವನೆಯಲ್ಲಿಯೇ ಒಂದು ದೊಡ್ಡ ಸಂಗತಿ ಮರೆಯಾಗುತ್ತದೆ. ಸಿರುಗುಪ್ಪದ ಅಕ್ಕಿ ಗಿರಣಿಯ ಬೆಲ್ಟು, ಬಳ್ಳಾರಿಯ ಹತ್ತಿ ಜಿನ್ನಿಂಗಿನ ಉರುಳೆ, ಸ್ಪಾಂಜ್ ಐರನ್ ಘಟಕದ ಕನ್ವೇಯರ್, ಕಲ್ಲು ಕ್ರಷರ್, ಹೆದ್ದಾರಿಯ ಲಾರಿ ಇವುಗಳಿಗೆ ಕೈಬೆರಳು, ಕಣ್ಣು, ಕಾಲು ಕೊಟ್ಟವರು ಉದ್ದಿಮೆಯ ಒಳಗಿನವರೇ. ಬೆಳಿಗ್ಗೆ ಎರಡು ಕೈಗಳಿಂದ ಹಾಜರಿ ಹಾಕಿದವರು ಸಂಜೆಗೆ ವಿಕಲಚೇತನರಾಗಿರುತ್ತಾರೆ.

1923ರ ನೌಕರರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಇಂಥ ಪ್ರತಿಯೊಂದು ನಷ್ಟಕ್ಕೂ ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿತೆಂಬ ಪ್ರಮಾಣ ನಿಗದಿಯಾಗಿತ್ತು: ಹೆಬ್ಬೆರಳು ಹೋದರೆ ನೂರಕ್ಕೆ 30, ತೋರುಬೆರಳು ಪೂರ್ತಿ ಹೋದರೆ 14, ಒಂದು ಕೈಯ ನಾಲ್ಕು ಬೆರಳುಗಳೂ ಹೋದರೆ 50. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಕ್ರಮವನ್ನು ಅನುಸರಿಸುತ್ತದೆ. ಪರಿಹಾರದ ಮೊತ್ತವನ್ನು ಲೆಕ್ಕ ಹಾಕಲು ಈ ಪಟ್ಟಿಯನ್ನು ತೆರೆದು ನೋಡದ ಉದ್ದಿಮೆದಾರರಿಲ್ಲ. ಆದರೆ ಅದೇ ಪಟ್ಟಿಯನ್ನು ಇನ್ನೊಂದು ಬದಿಯಿಂದ ಓದುವವರು ಕಡಿಮೆ. ಹೆಬ್ಬೆರಳು ಹೋದವನಲ್ಲಿ ನೂರಕ್ಕೆ 70ರಷ್ಟು ದುಡಿಯುವ ಶಕ್ತಿ ಉಳಿದಿದೆ ಎಂದು ಕಾನೂನೇ ಒಪ್ಪಿಕೊಂಡಿದೆ. ಪರಿಹಾರವನ್ನು 30ಕ್ಕೆ ಕೊಟ್ಟು, ಕೆಲಸದಿಂದ ಮಾತ್ರ 100ಕ್ಕೆ ನೂರೂ ಹೊರಗಿಡುವುದು ಯಾವ ಲೆಕ್ಕ?

ಹೊರಗಿಡುವುದೂ ಒರಟಾಗಿ ನಡೆಯುವುದಿಲ್ಲ. ಆಸ್ಪತ್ರೆಗೆ ಹಣ್ಣು ಹಂಪಲು ಹೋಗುತ್ತದೆ, ಖರ್ಚಿಗೆ ಹಣವೂ ಹೋಗುತ್ತದೆ. "ಪೂರ್ತಿ ಗುಣವಾಗಲಿ, ಆಮೇಲೆ ಬಾ" ಎಂಬ ಮಾತೂ ಆಗುತ್ತದೆ. ಹೋದ ಬೆರಳು ಗುಣವಾಗಿ ಬರುವಂಥದಲ್ಲವೆಂಬುದು ಇಬ್ಬರಿಗೂ ಗೊತ್ತು. ಗುತ್ತಿಗೆದಾರನ ಮೂಲಕ ಬಂದ ಕೆಲಸಗಾರನಾದರೆ ಆ ಮಾತೂ ಇರುವುದಿಲ್ಲ. ಆರು ತಿಂಗಳ ನಂತರ ಅದೇ ವ್ಯಕ್ತಿ ಅದೇ ಗಿರಣಿಯ ಬಾಗಿಲಿಗೆ ಅಮಾವಾಸ್ಯೆಯ ದಿನ ಬಂದು ನಿಂತರೆ ಅವನ ಹೆಸರು ಸಂಬಳದ ಪುಟದಿಂದ ಧರ್ಮಾದಾಯದ ಪುಟಕ್ಕೆ ವರ್ಗಾವಣೆಯಾಯಿತೆಂದೇ ಅರ್ಥ. ಈ ಸೀಮೆಯ ಉದ್ದಿಮೆಗಳು ಈ ವಿಷಯದಲ್ಲಿ ಹೆಚ್ಚಾಗಿ ಮೌನವಾಗಿರುವುದು ಹೆಮ್ಮೆಯ ಸಂಗತಿಯಲ್ಲ.

ಸೇವೆಯಲ್ಲಿರುವಾಗ ವಿಕಲರಾದವರನ್ನು ತೆಗೆದುಹಾಕಬಾರದು, ದರ್ಜೆ ಇಳಿಸಬಾರದು, ಹಿಂದಿನ ಕೆಲಸಕ್ಕೆ ಆಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು ಎಂದು 2016ರ ಕಾಯ್ದೆಯ 20ನೆಯ ಕಲಮು ಸರ್ಕಾರಿ ಸಂಸ್ಥೆಗಳನ್ನು ಕಟ್ಟುಪಡಿಸಿದೆ. ಖಾಸಗಿಯವರಿಗೆ ಆ ಕಟ್ಟುಪಾಡಿಲ್ಲ. ಆದರೂ ಅದನ್ನು ಮಾದರಿಯಾಗಿ ಇಟ್ಟುಕೊಳ್ಳಲು ಅಡ್ಡಿಯೇನೂ ಇಲ್ಲ. ಗಿರಣಿಯಲ್ಲಿ ತೂಕ ಬರೆಯುವುದು, ಗೇಟಿನ ದಾಖಲೆ, ಚೀಲಗಳ ಲೆಕ್ಕ, ಸ್ಟೋರು, ಹೊಸಬರಿಗೆ ಯಂತ್ರ ಕಲಿಸುವುದು ಇಂಥ ಕೆಲಸಗಳಿಗೆ ಅನುಭವಿಗಳೇ ಬೇಕು. ಯಂತ್ರದ ಸ್ವಭಾವವನ್ನು ಅವನಷ್ಟು ಬಲ್ಲವರು ಇನ್ನೊಬ್ಬರು ಇರಲಾರರು. ಹಾಗೆಂದು ಅವನ ಕೈಯನ್ನು ಎಲ್ಲರಿಗೂ ತೋರಿಸಿ "ಎಚ್ಚರ ತಪ್ಪಿದರೆ ಹೀಗಾಗುತ್ತದೆ" ಎಂದು ಪಾಠ ಹೇಳಬಾರದು. ಬೆಲ್ಟಿಗೆ ಜಾಲರಿ ಹಾಕಿಸದೆ ಇದ್ದುದು ಯಾರ ಎಚ್ಚರ ತಪ್ಪಿದ್ದು ಎಂಬ ಪ್ರಶ್ನೆ ಅಲ್ಲಿಯೇ ಏಳುತ್ತದೆ.

ಆಧಾರ ಮತ್ತು ಬಾಧ್ಯತೆ

ಖಾಸಗಿ ಉದ್ದಿಮೆಗಳಿಗೆ ವಿಕಲಚೇತನರ ಮೀಸಲಾತಿ ಕಡ್ಡಾಯವಲ್ಲ. 4 ಶೇಕಡಾ ಮೀಸಲು ಸರ್ಕಾರಿ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಖಾಸಗಿಯವರ ಸಿಬ್ಬಂದಿಯಲ್ಲಿ ಕನಿಷ್ಠ 5 ಶೇಕಡಾ ಮಂದಿ ನಿಗದಿತ ಪ್ರಮಾಣದ ವೈಕಲ್ಯವುಳ್ಳವರಾಗಿರುವಂತೆ ಸರ್ಕಾರವು ಪ್ರೋತ್ಸಾಹ ನೀಡಬೇಕೆಂದು 35ನೆಯ ಕಲಮು ಹೇಳುತ್ತದೆ. ಇದಕ್ಕೂ ಮೊದಲೇ, 2008ರ ಏಪ್ರಿಲ್ 1ರಿಂದ, ತಿಂಗಳಿಗೆ 25,000 ರೂ.ವರೆಗೆ ಸಂಬಳ ಪಡೆಯುವ ವಿಕಲಚೇತನ ನೌಕರರ ಭವಿಷ್ಯನಿಧಿ ಹಾಗೂ ಇ.ಎಸ್.ಐ.ಗಳಲ್ಲಿ ಮಾಲೀಕರ ಪಾಲನ್ನು ಮೂರು ವರ್ಷಗಳವರೆಗೆ ತಾನೇ ಭರಿಸುವ ಯೋಜನೆಯನ್ನು ಕೇಂದ್ರ ಸರ್ಕಾರ ಆರಂಭಿಸಿತ್ತು, ಇ.ಎಸ್.ಐ. ಮಟ್ಟಿಗೆ ಆ ಅವಧಿ ಮುಂದೆ ಹತ್ತು ವರ್ಷಗಳಿಗೆ ಏರಿತು. ಹೊಸ ಸಂಹಿತೆ ಜಾರಿಗೆ ಬಂದಿರುವುದರಿಂದ ಇಂದಿನ ವಿಧಾನವನ್ನು ಶಾಖಾ ಕಛೇರಿಯಲ್ಲಿ ವಿಚಾರಿಸಿ ಮುಂದುವರಿಯುವುದು ಲೇಸು.

ಕೆಲಸಕ್ಕೆ ಅರ್ಹರನ್ನು ಎಲ್ಲಿ ಹುಡುಕುವುದೆಂದು ಕೇಳುವವರಿಗೆ ಉತ್ತರ ಬಲು ಹತ್ತಿರದಲ್ಲಿದೆ. ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ಪಟ್ಟಣ ಪಂಚಾಯತಿ ಮುಂತಾದ ನಗರ ಸಂಸ್ಥೆಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರೂ ಗೌರವಧನದ ಮೇಲೆ ದುಡಿಯುತ್ತಿದ್ದಾರೆ. ಅವರಲ್ಲಿ ಬಹುತೇಕರು ಸ್ವತಃ ವಿಕಲಚೇತನರು. ಯಾವ ಓಣಿಯಲ್ಲಿ ಯಾರಿದ್ದಾರೆ, ಎಷ್ಟು ಓದಿದ್ದಾರೆ ಎಂಬುದು ಅವರ ಬಾಯಲ್ಲಿರುತ್ತದೆ. ತರಬೇತಿ ಹಾಗೂ ನೇಮಕದ ವಿಷಯದಲ್ಲಿ ಬೆಂಗಳೂರಿನ ಎರಡು ಸಂಸ್ಥೆಗಳ ಅನುಭವ ದೊಡ್ಡದು: ತಾವೇ ಪೋಲಿಯೋಪೀಡಿತರಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಆರಂಭಿಸಿದ ಎ.ಪಿ.ಡಿ., ಮತ್ತು ಶಾಂತಿ ರಾಘವನ್ ಹಾಗೂ ದೀಪೇಶ್ ಸುತಾರಿಯಾ ಅವರು 1999ರಲ್ಲಿ ಸ್ಥಾಪಿಸಿದ ಎನೇಬಲ್ ಇಂಡಿಯಾ.

ಕೆಲಸಗಾರರಾಗಿ ಮಾತ್ರವಲ್ಲ, ಸರಕು ಪೂರೈಸುವವರಾಗಿಯೂ ವಿಕಲಚೇತನರನ್ನು ಕಾಣಬೇಕು. ಬಾಲ್ಯದಲ್ಲಿಯೇ ಪೋಲಿಯೋದಿಂದ ಕೈಕಾಲುಗಳ ಬಲ ಕಳೆದುಕೊಂಡ ಕೆ.ಎಸ್. ರಾಜಣ್ಣ ಅವರು ಸ್ವತಃ ಉದ್ಯಮಿಯಾಗಿ ಇತರರಿಗೆ ಕೆಲಸ ಕೊಟ್ಟವರು, ಮುಂದೆ ರಾಜ್ಯದ ವಿಕಲಚೇತನರ ಆಯುಕ್ತರಾದವರು. 2024ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಪ್ಯಾಕಿಂಗ್ ಪೆಟ್ಟಿಗೆ, ಲೇಬಲ್, ಊಟದ ಡಬ್ಬಿ, ಜೆರಾಕ್ಸ್ ಮುಂತಾದ ಸಣ್ಣ ಗುತ್ತಿಗೆಗಳನ್ನು ಇಂಥವರಿಗೆ ಕೊಡುವಾಗ ದರ ಮತ್ತು ಗುಣಮಟ್ಟದಲ್ಲಿ ರಿಯಾಯಿತಿ ತೋರಿಸಬೇಕಾಗಿಲ್ಲ. ಬಿಲ್ಲು ಮಾತ್ರ ಗಡುವಿಗೆ ಸರಿಯಾಗಿ ಪಾವತಿಯಾಗಬೇಕು.

20 ಅಥವಾ ಅದಕ್ಕಿಂತ ಹೆಚ್ಚು ಜನರನ್ನು ನೇಮಿಸಿಕೊಂಡಿರುವ ಖಾಸಗಿ ಸಂಸ್ಥೆಗಳ ಮೇಲೆ ಇನ್ನೂ ಒಂದು ಬಾಧ್ಯತೆಯಿದೆ. ಇದನ್ನು ಅರಿತವರು ವಿರಳ. ಕಾಯ್ದೆಯ 21ನೆಯ ಕಲಮು ಹಾಗೂ 2017ರ ಕೇಂದ್ರ ನಿಯಮಗಳಂತೆ ಅವರು ಸಮಾನ ಅವಕಾಶ ನೀತಿಯೊಂದನ್ನು ಬರೆದು ಪ್ರಕಟಿಸಬೇಕು. ವಿಕಲಚೇತನರಿಗೆ ದೊರೆಯುವ ಸೌಲಭ್ಯಗಳು, ಅವರಿಗೆ ಸೂಕ್ತವೆಂದು ಗುರುತಿಸಿದ ಕೆಲಸಗಳು, ಆಯ್ಕೆಯ ವಿಧಾನ, ತರಬೇತಿ ಮತ್ತು ಬಡ್ತಿ, ಸಹಾಯಕ ಸಾಧನಗಳ ವ್ಯವಸ್ಥೆ, ಇವನ್ನೆಲ್ಲ ನೋಡಿಕೊಳ್ಳುವ ಸಂಪರ್ಕಾಧಿಕಾರಿಯ ಹೆಸರು ಅದರಲ್ಲಿರಬೇಕು. ಮೊದಲ ಬಾರಿಯ ಉಲ್ಲಂಘನೆಗೆ 10,000 ರೂ.ವರೆಗೆ, ಮರುಕಳಿಸಿದರೆ 50,000 ರೂ.ಗಳಿಂದ 5 ಲಕ್ಷ ರೂ.ವರೆಗೆ ದಂಡವನ್ನು ಕಾಯ್ದೆ ವಿಧಿಸುತ್ತದೆ. ಪೇಟೆಯಲ್ಲಿ ಸಿಗುವ ಸಿದ್ಧ ನಮೂನೆಯನ್ನು ತುಂಬಿಸಿ ಕಡತದಲ್ಲಿಡುವುದರಿಂದ ತಪಾಸಣೆಯೇನೋ ದಾಟಬಹುದು. ಓದುವವರಿಗೆ ಉಪಯೋಗವಾಗಬೇಕಾದರೆ ಅದು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಇರಬೇಕು. ಓದಲಾರದವರಿಗೆ ಸಂಬಳದ ದಿನ ಒಮ್ಮೆ ಓದಿ ಹೇಳಬೇಕು. ಸಂಸ್ಥೆಗೆ ಜಾಲತಾಣವಿಲ್ಲದಿದ್ದರೆ ಆವರಣದಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕಡೆ ಅದನ್ನು ಹಚ್ಚಬೇಕೆಂದು ನಿಯಮವಿದೆ. ಹಚ್ಚುವ ಎತ್ತರವನ್ನು ಆಗ ನೋಡಿಕೊಳ್ಳಬೇಕು: ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣಿನ ಮಟ್ಟ ನೆಲದಿಂದ ಸುಮಾರು ನಾಲ್ಕು ಅಡಿ. ಗಡಿಯಾರದ ಪಕ್ಕದಲ್ಲಿ, ದೇವರ ಫೋಟೋದ ಕೆಳಗೆ ಹಚ್ಚಿದ ಕಾಗದವನ್ನು ಅವರು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗುತ್ತದೆ.